ಹೆಚ್ಚಾದ ಕಬ್ಬಿಣ

ನಾನು ಓದಿದ್ದು ಮೂರನೇ ಇಯತ್ತೆಯವರೆಗೆ. ಆಮೇಲೆ ಪುಣೆಗೆ ಬಂದು ನಲವತ್ತು ವರ್ಷ ಕಲ್ಲುಸಕ್ಕರೆ ಮಾಡಿದೆ. ಅಗಲ ಪಾತ್ರೆಗೆ ದಾರ ಕಟ್ಟಿ, ಕಾದ ಪಾಕ ಸುರಿದು, ಮುಚ್ಚಿಟ್ಟು, ದಿನಗಟ್ಟಲೆ ಅದರ ಹತ್ತಿರ ಸುಳಿಯದೇ ಇರುವುದೇ ದೊಡ್ಡ ಕೆಲಸ. ಅಲುಗಿತೋ, ದೊಡ್ಡ ಹರಳು ಕಟ್ಟುವುದಿಲ್ಲ, ಮರಳಾಗುತ್ತದೆ. ಹೀಗಿರುವಾಗ, ಬಿಬವೇವಾಡಿಯ ಮನೆಯಲ್ಲಿ ನಮ್ಮ ಜೊತೆಗೇ ಇದ್ದು ಪಿಎಚ್.ಡಿ. ಮಾಡುವ ಮಗಳ ಮಗಳು, ತಾನೂ ಪ್ರಯೋಗಾಲಯದಲ್ಲಿ ಹರಳು ಬೆಳೆಸುತ್ತೇನೆ ಎಂದರೆ ಈ ಮುದುಕನಿಗೆ ಹೇಗಾಗಿರಬೇಡ!

ಅವಳದು ಕಬ್ಬಿಣದ ಹರಳು. ಕಬ್ಬಿಣಕ್ಕೆ ಬೇರೆ ಎರಡು ಧಾತು ಸೇರಿಸಿ, ಗಾಜಿನಂಥ ಕೊಳವೆಯಲ್ಲಿ ಗಾಳಿಯಾಡದಂತೆ ಮುಚ್ಚಿ, ಕುಲುಮೆಯಲ್ಲಿ ಕರಗಿಸಿ, ಬಹಳ ನಿಧಾನವಾಗಿ ತಣಿಸುತ್ತಾಳೆ. ಹರಳು ಸರಿಯಾಗಿ ಬಂದರೆ, ಭಯಂಕರ ಚಳಿಯಲ್ಲಿಟ್ಟಾಗ ಅದರೊಳಗೆ ಕರೆಂಟು ಯಾವ ಅಡ್ಡಿಯೂ ಇಲ್ಲದೆ ಹರಿಯುತ್ತದಂತೆ.

ಮೂರು ಸಲ ಬೆಳೆಸಿದಳು. ಮೂರೂ ಕನ್ನಡಿಯಂತೆ ಹೊಳೆದವು, ಒಂದರಲ್ಲೂ ಅಡ್ಡಿ ಹೋಗಲಿಲ್ಲ. ನಾಲ್ಕನೆಯದೂ ಕೆಟ್ಟರೆ ಈ ವಿಷಯವನ್ನೇ ಬಿಟ್ಟು ಬೇರೆ ಹಿಡಿ ಎಂದು ಅವಳ ಗೈಡ್ ಹೇಳಿದರು. ಎರಡು ವರ್ಷದ ದುಡಿಮೆ. ಹುಡುಗಿ ತಟ್ಟೆಯ ಮುಂದೆ ಕೂತರೂ ಉಣ್ಣದಾದಳು.

"ಏನ್ ಕಡಿಮಿ ಬಿದ್ದದ ಅದಕ್ಕ?" ಎಂದು ಕೇಳಿದೆ.

"ಕಡಿಮಿ ಅಲ್ಲಜ್ಜಾ, ಹೆಚ್ಚಾಗೇದ. ಬೇಕಾದದ್ದಕ್ಕಿಂತ ಒಂದ್ ಚೂರು ಕಬ್ಬಿಣ ಜಾಸ್ತಿ ಉಳದು ಪದರಿನ ನಡುವ ಹೊಕ್ಕೊಂಡು ಕೂಡ್ತದ. ಅದ ಎಲ್ಲಾ ಕೆಡಸ್ತದ."

"ಕಬ್ಬಿಣದ ಹರಳಿಗೆ ಕಬ್ಬಿಣಾನ ಹೊಲಸೇನು?"

ನನ್ನ ಹೆಂಡತಿ ರೊಟ್ಟಿ ಬಡಿಯುತ್ತಲೇ ಅಂದಳು: "ಆಗ್ತದ ಬಿಡ್ರಿ. ನೀವು ಮನೀ ಮನಷ್ಯಾರ ಅಲ್ಲೇನು? ಮುಂಜಾನಿಂದ ನನ್ನ ಅಡಗಿಮನ್ಯಾಗ ಹೊಕ್ಕೊಂಡು ಕೂತೀರಿ."

ಹುಡುಗಿ ನಕ್ಕು ಒಂದು ತುತ್ತು ತಿಂದಳು. ಅದೇ ಹೊತ್ತಿಗೆ ನಾನೂ ನನ್ನ ಕಸುಬಿನ ಮಾತು ತೆಗೆದೆ. "ಪಾಕದಾಗ ಹೊಲಸಿದ್ರ ನಾವು ಒಂದೀಟು ಹಾಲು ಹಾಕ್ತಿದ್ವಿ. ಹಾಲು ಹೊಲಸನ್ನ ಹಿಡಕೊಂಡು ನೊರಿಯಾಗಿ ಮ್ಯಾಲ ಬರ್ತಿತ್ತು."

ಅವಳು ತುತ್ತು ಅಲ್ಲೇ ನಿಲ್ಲಿಸಿದಳು. "ಅಜ್ಜಾ, ಈ ಸಲ ನಾನೂ ಅಂಥಾದ್ದ ಮಾಡಾಕಿ! ಹಾಲಿನ ಬದಲಿ ಆಕ್ಸಿಜನ್. ಹರಳಿನ ಕೂಡ ಒಂದೀಟ ಮುಚ್ಚಿಟ್ಟು ಮತ್ತ ಕಾಸಿದ್ರ, ಹೆಚ್ಚಿನ ಕಬ್ಬಿಣಾ ಹೊರಗ ಎಳಕೋತದ."

ಅಷ್ಟು ದೊಡ್ಡ ವಿದ್ಯೆಯಲ್ಲಿ ನನಗೆ ತಿಳಿಯುವುದೂ ಒಂದಿತ್ತಲ್ಲ! ಅವತ್ತು ಎರಡು ಕಪ್ ಚಹಾ ಹೆಚ್ಚಿಗೆ ಕುಡಿದೆ.

ತಿಂಗಳಾದ ಮೇಲೆ, ಸಂತೆಯಲ್ಲಿ ಮೆಂತ್ಯೆ ಸೊಪ್ಪು ಆರಿಸುತ್ತಿದ್ದೆ. ಫೋನು ಬಂತು.

"ಅಜ್ಜಾ, ಸೊನ್ನಿ ಬಂತು! ಪೂರಾ ಸೊನ್ನಿ!"

ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟೆ. "ಇರ್ಲಿ ಬಿಡ ನಮ್ಮವ್ವ. ಸೊನ್ನಿ ಬಂದ್ರ ಜೀವಾ ಹೋಗ್ತದೇನು? ಮದಲ ಮನೀಗೆ ಬಾ, ಉಂಡು ಮಕ್ಕೋ."

ಆ ಕಡೆಯಿಂದ ನಗುವೋ ನಗು. "ಅಯ್ಯ ಅಜ್ಜಾ, ಮಾರ್ಕ್ಸ್ ಅಲ್ಲ! ಅಡ್ಡಿ ಸೊನ್ನಿಗೆ ಇಳೀತು! ಹರಳು ಛಲೋ ಬಂದದ! ಇದನ್ನ ಮುಂದುವರಸು ಅಂದ್ರು ನಮ್ಮ ಸರ್!"

ಫೋನು ಇಟ್ಟರೂ ನನಗೆ ನಿಲ್ಲಲಾಗಲಿಲ್ಲ. ಯಾರಿಗಾದರೂ ಹೇಳಬೇಕಿತ್ತು. ನನ್ನ ಮೊಮ್ಮಗಳಿಗೆ ಸೊನ್ನೆ ಬಂತು, ಪೂರಾ ಸೊನ್ನೆ ಬಂತು ಎಂದು ಸೊಪ್ಪಿನವಳಿಗೆ ಮರಾಠಿಯಲ್ಲಿ ಕೂಗಿ ಹೇಳಿದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆಕೆ ಮರುಕದಿಂದ ನನ್ನ ಮುಖ ನೋಡಿದಳು, ಇನ್ನೊಂದು ಕಟ್ಟು ಮೆಂತ್ಯೆಯನ್ನು ಚೀಲಕ್ಕೆ ತುರುಕಿ, "ರಡೂ ನಕಾ ಬಾಬಾ, ಪುಢಚ್ಯಾ ವೇಳೇಲಾ ಪಾಸ್ ಹೋಈಲ," ಎಂದಳು. ಅಳಬೇಡಿ, ಮುಂದಿನ ಸಲ ಪಾಸಾಗುತ್ತಾಳೆ.