ನಾನು ಮಾಡದ ಕರೆ

ಉಸಿರು ಎಣಿಸಿದರೆ ಕಿಮೋದ ವಾಕರಿಕೆ ಕಡಿಮೆಯಾಗುತ್ತದೆ ಎಂದು ಯಾರಾದರೂ ಹೇಳಿದ್ದರೆ, ಕೆಲವು ವರ್ಷಗಳ ಹಿಂದೆ ನಾನು ಅವರ ಎದುರಿಗೇ ನಕ್ಕುಬಿಡುತ್ತಿದ್ದೆ. ಕಲ್ಲಡ್ಕದಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಮಾತ್ರೆ, ಅದರ ಪ್ರಮಾಣ, ಅದರ ಅಡ್ಡಪರಿಣಾಮ, ಇಷ್ಟೇ ನನ್ನ ಲೋಕ. ಶಕುನ, ಕನಸಿನ ಫಲ ಎಂಬ ಮಾತು ಬಂದರೆ ಎದ್ದು ಹೋಗುವವಳು ನಾನು. ಈಗಲೂ ಅವನ್ನೆಲ್ಲ ನಂಬುತ್ತೇನೆಂದು ಹೇಳಲಾರೆ. ಆದರೆ ನನಗಾದ ಒಂದು ಅನುಭವವನ್ನು ಮುಚ್ಚಿಟ್ಟುಕೊಂಡು ಸಾಕಾಗಿದೆ. ಇದರಲ್ಲಿ ವಿಚಿತ್ರಕ್ಕಿಂತ ನನ್ನ ನಾಚಿಕೆಗೇಡಿನ ಪಾಲೇ ದೊಡ್ಡದು.

ನನ್ನ ಅಕ್ಕ ವಿನೋದಳ ಮನೆ ಬೆಳ್ತಂಗಡಿ ಪಕ್ಕದ ಲಾಯಿಲದಲ್ಲಿ. ಭಾವ ಕುವೈತಿನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದಾರೆ. ಮನೆಯಲ್ಲಿ ಕಿವಿ ಕೇಳದ ಅತ್ತೆ, ಹತ್ತನೇ ತರಗತಿಯ ಮಗಳು. ಅಕ್ಕನ ಎದೆಯ ಗಂಟು ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಆಪರೇಷನ್ ಆಗಿ, ಮೂರು ವಾರಕ್ಕೊಮ್ಮೆ ಮೂಡುಬಿದಿರೆಯ ಆಸ್ಪತ್ರೆಯಲ್ಲಿ ಕಿಮೋ ಶುರುವಾಯಿತು. ಎರಡನೇ ಸಲದ ಹೊತ್ತಿಗೆ ಅವಳಿಗೆ ಊಟದ ಬಟ್ಟಲು ಕಂಡರೆ ಸಾಕು, ಹೊಟ್ಟೆ ತೊಳಸುತ್ತಿತ್ತು. ರಾತ್ರಿ ನಿದ್ದೆಯೂ ಇಲ್ಲ.

ಆ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಆದ ಹೆಂಗಸರಿಗೆಂದು ಯೋಗ ಮತ್ತು ಪ್ರಕೃತಿ ಚಿಕಿತ್ಸೆಯ ಒಂದು ಕೋಣೆಯೂ ಇತ್ತು. ಅಲ್ಲಿನ ಡಾಕ್ಟರ್ ಸಫಿಯಾ ಮಡಂತ್ಯಾರಿನವರು, ನನಗಿಂತ ಸಣ್ಣ ಪ್ರಾಯ. ಮೊದಲ ದಿನವೇ ಅವರು ಸ್ಪಷ್ಟವಾಗಿ ಹೇಳಿದರು: "ನೋಡಿ ಅಕ್ಕ, ಇದು ಕಿಮೋದ ಬದಲಿಗೆ ಅಲ್ಲ, ಅದರ ಒಟ್ಟಿಗೆ. ವಾಂತಿಯ ಮಾತ್ರೆಯೂ ಬಿಡ್ಲಿಕ್ಕಿಲ್ಲ." ಮಣಿಕಟ್ಟಿನ ಒಂದು ಜಾಗವನ್ನು ಒತ್ತುವುದು, ಕಾಲಿಗೆ ಎಣ್ಣೆ ಸವರುವುದು, ದಿನಾ ಸಂಜೆ ನಾಲ್ಕಕ್ಕೆ ಇಪ್ಪತ್ತು ನಿಮಿಷ ನಿಧಾನವಾಗಿ ಉಸಿರಾಡುವುದು, ಇವನ್ನು ಕಲಿಸಿದರು. ಹತ್ತಿರದವರು ಯಾರಾದರೂ ಉಸಿರು ಎಣಿಸುತ್ತಾ ಜೊತೆಗಿದ್ದರೆ ಒಳ್ಳೆಯದು ಎಂದರು.

"ನೀನೇ ಎಣಿಸು," ಎಂದಳು ಅಕ್ಕ ನನ್ನ ಕಡೆ ತಿರುಗಿ. "ಫೋನಿನಲ್ಲಿ ಆದ್ರೂ ಸಾಕು."

ಒಪ್ಪಿದೆ. ಒಂದು ವಾರ ಸರಿಯಾಗಿಯೇ ಎಣಿಸಿದೆ. ಆದರೆ ನಾಲ್ಕು ಗಂಟೆಗೆ ಅಂಗಡಿಗೆ ಜನ ಬರುತ್ತಾರೆ. ಎಣಿಕೆ ತಪ್ಪುತ್ತಿತ್ತು, ಸಿಟ್ಟು ಬರುತ್ತಿತ್ತು. ಒಂದು ದಿನ ಇಪ್ಪತ್ತು ನಿಮಿಷ ಎಣಿಸುವ ನನ್ನ ಸ್ವರವನ್ನು ಹಳೆಯ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದೆ. ಮರುದಿನದಿಂದ ಅಕ್ಕನಿಗೆ ಕರೆ ಮಾಡಿ, "ಶುರು ಮಾಡುವ" ಎಂದು ಹೇಳಿ, ರೆಕಾರ್ಡ್ ಹಾಕಿದ ಹಳೆಯ ಮೊಬೈಲನ್ನು ಫೋನಿನ ಪಕ್ಕ ಇಟ್ಟು ಗಿರಾಕಿಗಳನ್ನು ನೋಡಲು ಹೋಗುತ್ತಿದ್ದೆ. ಕೊನೆಗೆ ಬಂದು, "ಆಯ್ತಾ ಅಕ್ಕ, ನಾಳೆ ಮಾಡುವ," ಎಂದು ಕರೆ ಮುಗಿಸುತ್ತಿದ್ದೆ. ಅಕ್ಕ, "ಎಷ್ಟು ಹಗುರ ಆಯ್ತು ಗೊತ್ತುಂಟಾ," ಎನ್ನುತ್ತಿದ್ದಳು. ಅವಳು ಹೇಗೂ ಗುಣವಾಗುತ್ತಿರುವುದು ಔಷಧಿಯಿಂದ, ಎಣಿಸುವುದು ಮನುಷ್ಯರಾದರೇನು ಮೆಷಿನ್ ಆದರೇನು ಎಂದು ನನಗೆ ನಾನೇ ಹೇಳಿಕೊಂಡೆ. ಈ ವಿಷಯ ಗಂಡನಿಗೂ ಹೇಳಿರಲಿಲ್ಲ.

ನಾಲ್ಕನೇ ಕಿಮೋದ ದಿನ ಅಂಗಡಿಗೆ ಡ್ರಗ್ ಇನ್ಸ್‌ಪೆಕ್ಟರ್ ಬರುವವರಿದ್ದರು. ಅಕ್ಕ ನೆರೆಮನೆಯವರ ಜೊತೆ ಮೂಡುಬಿದಿರೆಗೆ ಹೋದಳು. ನಾಲ್ಕಕ್ಕೆ ಅಲ್ಲಿಗೇ ಕರೆ ಮಾಡುತ್ತೇನೆ ಎಂದಿದ್ದೆ. ಇನ್ಸ್‌ಪೆಕ್ಟರ್ ಮೂರಕ್ಕೆ ಬಂದರು, ಕಪಾಟುಗಳನ್ನೆಲ್ಲ ತೆಗೆಸಿ ನೋಡಿ ಹೊರಡುವಾಗ ಐದೂವರೆ. ಮೇಜಿನ ಡ್ರಾಯರಿನಿಂದ ಫೋನ್ ತೆಗೆದರೆ ಅದು ಸತ್ತುಬಿದ್ದಿತ್ತು. ಮಧ್ಯಾಹ್ನವೇ ಚಾರ್ಜ್ ಮುಗಿದಿತ್ತು. ಹಳೆಯ ಮೊಬೈಲ್ ಅಂದು ಮನೆಯಲ್ಲೇ ಉಳಿದಿತ್ತು.

ಫೋನನ್ನು ಚಾರ್ಜಿಗೆ ಹಾಕಿ, ನೆಟ್‌ವರ್ಕ್ ಇರಲಿಲ್ಲ ಎಂಬ ಸುಳ್ಳನ್ನು ಸಿದ್ಧಮಾಡಿಕೊಂಡು ಅಕ್ಕನಿಗೆ ಕರೆ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು: "ಇವತ್ತು ಎಣಿಸಿದ್ದು ನೀನೇ ಅಂತ ಗೊತ್ತಾಯ್ತು ಮಾರಾಯ್ತಿ. ಇಷ್ಟು ದಿನ ರೆಕಾರ್ಡ್ ಹಾಕ್ತಿದ್ದದ್ದಕ್ಕೆ ನನಗೆ ಬೇಜಾರಿಲ್ಲ. ನೀನಾಗಿ ಹೇಳಿದೆಯಲ್ಲ, ಅದು ದೊಡ್ಡದು. ನೀನು ಹೇಳದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ."

ಅವಳೇ ಮುಂದುವರಿಸಿದಳು. "ಹೆದರಿಕೆ ಆಗ್ತದಾ ಅಂತ ನೀನು ಕೇಳಿದೆ ನೋಡು, ಇಷ್ಟರವರೆಗೆ ಯಾರೂ ಕೇಳಿರಲಿಲ್ಲ. ಮನಸ್ಸಿನಲ್ಲಿದ್ದದ್ದೆಲ್ಲ ಹೇಳಿಬಿಟ್ಟೆ. ಇನ್ನು ಅದನ್ನು ಪುನಃ ಮಾತಾಡುವುದು ಬೇಡ. ನೀನು ಹೂಂ ಅಂದೆಯಲ್ಲ, ನನಗೆ ಅಷ್ಟು ಸಾಕು."

ಕಿಮೋಗೆ ಮೊದಲು ಕೊಡುವ ಇಂಜೆಕ್ಷನ್ನಿನಿಂದ ಮಂಪರು ಬರುತ್ತದೆ, ಅವಳು ಕನಸು ಕಂಡಿರಬೇಕು ಎಂದುಕೊಂಡೆ. ಆದರೆ ರೆಕಾರ್ಡಿನ ವಿಷಯ ಕನಸಿಗೆ ಹೇಳಿದವರು ಯಾರು? ಮುಂದಿನ ಸಲ ಮೂಡುಬಿದಿರೆಗೆ ಹೋದಾಗ ಅಕ್ಕ ಶೌಚಾಲಯಕ್ಕೆ ಹೋದ ಸಮಯ ನೋಡಿ, ಕಳ್ಳಿಯ ಹಾಗೆ ಅವಳ ಫೋನ್ ತೆಗೆದು ನೋಡಿದೆ. ಆ ದಿನ ನಾಲ್ಕು ಗಂಟೆಗೆ ಯಾವ ಕರೆಯೂ ಇರಲಿಲ್ಲ. ಸಂಜೆ ನಾನು ಮಾಡಿದ್ದೊಂದೇ ಇತ್ತು.

ಡಾಕ್ಟರ್ ಸಫಿಯಾ ಬಳಿ ಆ ದಿನದ ಬಗ್ಗೆ ಮೆಲ್ಲನೆ ವಿಚಾರಿಸಿದೆ. "ನಾನು ಆಚೆ ಬೆಡ್ಡಿನ ಹತ್ತಿರ ಇದ್ದೆ," ಎಂದರು ಅವರು. "ಫೋನ್ ಕಿವಿಗೆ ಇಟ್ಟುಕೊಂಡು ತುಂಬ ಹೊತ್ತು ಮಾತಾಡಿದ್ರು. ಸ್ವಲ್ಪ ಅತ್ತರು. ನೀವು ಮಾತಾಡಿದ್ದು ಒಳ್ಳೆದಾಯ್ತು. ನಾವು ಎಷ್ಟು ಕೇಳಿದ್ರೂ ಅವರು ಬಾಯಿ ಬಿಡ್ತಿರಲಿಲ್ಲ."

ಆಚೆ ಕಡೆಯಿಂದ ಸ್ವರ ಕೇಳಿಸಿತೇ ಎಂದು ನಾನು ಕೇಳಲಿಲ್ಲ. ಅವರ ಆ ಮೆಚ್ಚುಗೆಯನ್ನು ತಲೆ ತಗ್ಗಿಸಿ ಇಟ್ಟುಕೊಂಡೆ.

ಅಂದಿನಿಂದ ಉಳಿದ ಕಿಮೋಗಳು ಮುಗಿಯುವವರೆಗೂ ನಾಲ್ಕಕ್ಕೆ ಅಂಗಡಿಯ ಅರ್ಧ ಬಾಗಿಲು ಎಳೆದು ನಾನೇ ಎಣಿಸಿದೆ. ಅಕ್ಕನ ವಾಕರಿಕೆ ಕಡಿಮೆಯಾಯಿತು, ನಿದ್ದೆ ಬಂತು. ಅದರಲ್ಲಿ ಮಾತ್ರೆಯ ಪಾಲೆಷ್ಟು, ಉಸಿರಿನ ಪಾಲೆಷ್ಟು ಎಂದು ವಾದಿಸುವ ಹುಮ್ಮಸ್ಸು ನನ್ನಲ್ಲಿ ಉಳಿದಿಲ್ಲ. ಎಷ್ಟೋ ಸಲ ನಿಜ ಹೇಳಿಬಿಡಬೇಕೆಂದು ಹೊರಟಿದ್ದೇನೆ. ಹೇಳಿದರೆ, ಅವಳ ಪಾಲಿಗೆ ನಾನು ನಿಜವಾಗಿ ಜೊತೆಗಿದ್ದ ಆ ಒಂದು ದಿನವೂ ಸುಳ್ಳಾಗುತ್ತದೆ. ಹೇಳದಿದ್ದರೆ, ಯಾವುದಕ್ಕೆ ಹೂಂ ಎಂದೆನೆಂದು ನನಗೆ ತಿಳಿಯುವುದಿಲ್ಲ. ಮಗಳ ವಿಷಯವೋ, ಭಾವನ ವಿಷಯವೋ, ಕಾಯಿಲೆ ಮತ್ತೆ ಬಂದರೆ ಇನ್ನು ಔಷಧಿ ಬೇಡ ಎನ್ನುವ ಮಾತೋ.

ಕಳೆದ ವಾರ ಅವಳನ್ನು ತಪಾಸಣೆಗೆ ಕರೆದುಕೊಂಡು ಹೋಗಿದ್ದೆ. ಕ್ಯಾನ್ಸರ್ ವಿಭಾಗದ ಡಾಕ್ಟರ್ ಮತ್ತೊಂದು ಸ್ಕ್ಯಾನ್ ಬರೆದುಕೊಟ್ಟರು. ಹೊರಗೆ ಬೆಂಚಿನಲ್ಲಿ ಕುಳಿತಿದ್ದಾಗ ಅಕ್ಕ ನನ್ನ ಕೈ ಹಿಡಿದುಕೊಂಡು ಕೇಳಿದಳು: "ಆವತ್ತು ಹೇಳಿದ್ದು ನೆನಪುಂಟಲ್ಲ? ಹಾಗೆ ಆದ್ರೆ ಮಾಡ್ತಿಯಲ್ಲ?"

"ನೆನಪುಂಟು ಅಕ್ಕ. ಮಾಡ್ತೇನೆ," ಎಂದೆ.