ಮೇಘನಾಳ ಕೈಗೆ ಕೋವಿ ಕೊಟ್ಟವನು

ಆ ಕೋವಿಯನ್ನು ಆರು ವರ್ಷದ ಮಗುವಿನ ಕೈಗೆ ಕೊಟ್ಟವನು ನಾನು. ಮಗು ತಾನಾಗಿ ಎತ್ತಿಕೊಳ್ಳಲಿಲ್ಲ. ಹದಿನಾರು ವರ್ಷ ನಮ್ಮ ಮನೆಯವರು, ಊರಿನವರು, ಕೊನೆಗೆ ಆ ಮಗು ಕೂಡ ನಂಬಿಕೊಂಡು ಬಂದದ್ದು ನಾನು ಒಂದೇ ಉಸಿರಿಗೆ ಹೇಳಿದ ಒಂದು ಸುಳ್ಳನ್ನು. ಹೇಳಬೇಕಾದವರಿಗೆಲ್ಲ ಈಗ ಎದುರು ನಿಂತು ಹೇಳಿಯಾಗಿದೆ. ಇಲ್ಲಿ ಬರೆಯುತ್ತಿರುವುದು ನಿಮಗೆ — ಮನೆಯಲ್ಲಿ ಕೋವಿಯೂ ಇದ್ದು, ಮಕ್ಕಳೂ ಇರುವ ನಿಮಗೆ.

ನಾನು ಮದ್ದೂರಿನ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ಮೇಷ್ಟ್ರು. ನಮ್ಮ ಊರು ಮಳವಳ್ಳಿಯಿಂದ ಮುತ್ತತ್ತಿಯ ಕಡೆ ಹೋಗುವಾಗ ಕಾಡಿನ ಅಂಚಿಗಿದೆ. ಅಣ್ಣ ಶಿವರಾಮು ಅಲ್ಲೇ ಬೇಸಾಯ ಮಾಡಿಕೊಂಡಿದ್ದಾನೆ. ಕಬ್ಬಿಗೂ ರಾಗಿಗೂ ಕಾಡುಹಂದಿಯ ಕಾಟ. ಬೆಳೆ ಕಾಯುವುದಕ್ಕೆಂದು ಅಪ್ಪನ ಕಾಲದಿಂದಲೂ ಮನೆಯಲ್ಲಿ ಲೈಸೆನ್ಸಿನ ಕೋವಿಯೊಂದಿತ್ತು. ಒಂಟಿ ನಳಿಗೆಯ ಹಳೇ ಕೋವಿ. ತೋಟಾ ತುಂಬಿದರಷ್ಟೇ ಸಾಲದು, ಹಿಂಬದಿಯ ಕೊಕ್ಕೆಯನ್ನು ಹೆಬ್ಬೆರಳಿನಿಂದ ಬಲವಾಗಿ ಎಳೆದು ನಿಲ್ಲಿಸಿದರೆ ಮಾತ್ರ ಅದು ಸಿಡಿಯುತ್ತಿತ್ತು.

ಆವತ್ತು ಆಯುಧಪೂಜೆ. ಬೆಳಿಗ್ಗೆಯೇ ಟ್ರ್ಯಾಕ್ಟರ್ ತೊಳೆದು ಅಂಗಳದಲ್ಲಿ ನಿಲ್ಲಿಸಿದ್ದರು. ಅದರ ಮುಂದೆ ಕುಡುಗೋಲು, ಮಚ್ಚು, ಸ್ಪ್ಯಾನರು, ಜೊತೆಗೆ ಕೋವಿ — ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿ ಸಾಲಾಗಿ ಇಟ್ಟಿದ್ದರು. ಅಮ್ಜದಣ್ಣ ಮಳವಳ್ಳಿಯಿಂದ ಬಂದಿದ್ದರು. ಅಲ್ಲಿ ಅವರದು ಟ್ರ್ಯಾಕ್ಟರ್ ರಿಪೇರಿಯ ಶೆಡ್ಡು. ನಮ್ಮ ಗಾಡಿಯ ಒಂದೊಂದು ನಟ್ಟೂ ಅವರಿಗೆ ಗೊತ್ತು. ಪ್ರತಿ ವರ್ಷ ಹಬ್ಬದ ದಿನ ನಮ್ಮ ಮನೆಯಲ್ಲೇ ಅವರ ಊಟ. ಅಣ್ಣನ ಮಗಳು ಮೇಘನಾಗೆ ಅವರೆಂದರೆ ಪ್ರಾಣ. ಹಳೆಯ ಬೇರಿಂಗುಗಳನ್ನು ಹಲಗೆಗೆ ಜೋಡಿಸಿ ಅವಳಿಗೊಂದು ಗಾಡಿ ಮಾಡಿಕೊಟ್ಟಿದ್ದರು.

ಪೂಜೆ ಮುಗಿದು ಅಣ್ಣ ಬಾಳೆಲೆ ತರಲು ತೋಟಕ್ಕೆ ಹೋದ. ಅತ್ತಿಗೆ ಅಡುಗೆಮನೆಯಲ್ಲಿದ್ದರು. ಅಮ್ಜದಣ್ಣ ಟ್ರ್ಯಾಕ್ಟರಿನ ಆ ಮಗ್ಗುಲಲ್ಲಿ ಬಾಳೆಕಂದು ಬಿಗಿಯಾಗಿ ಕಟ್ಟುತ್ತಿದ್ದರು. ಅಂಗಳದ ಈಚೆಗೆ ಇದ್ದದ್ದು ನಾನು, ಮೇಘನಾ, ಮತ್ತು ನಾನು ಹೊಸದಾಗಿ ಕೊಂಡಿದ್ದ ಕ್ಯಾಮೆರಾ ಫೋನು.

ಹೊಸ ಲಂಗ ತೊಟ್ಟು ಅವಳು ಚೆನ್ನಾಗಿ ಕಾಣುತ್ತಿದ್ದಳು. ಕೋವಿ ಹಿಡಿದ ಒಂದು ಫೋಟೋ ಇದ್ದರೆ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಬಹುದು ಅನ್ನಿಸಿತು. ಅಷ್ಟೇ — ಇದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ನನ್ನಲ್ಲಿಲ್ಲ. ಕೋವಿ ಭಾರ, ಅವಳು ಎತ್ತಲಾರಳು. ಕುರ್ಚಿ ತಂದು ಅದರ ಬೆನ್ನಿನ ಮೇಲೆ ನಳಿಗೆ ಒರಗಿಸಿದೆ. ಹಿಂಬದಿಯನ್ನು ಅವಳ ಹೆಗಲಿಗೆ ಆನಿಸಿದೆ. ಫೋಟೋದಲ್ಲಿ ಗತ್ತಾಗಿ ಕಾಣಲೆಂದು ಕೊಕ್ಕೆಯನ್ನು ನಾನೇ — ನನ್ನ ಹೆಬ್ಬೆರಳಿನಿಂದಲೇ — ಹಿಂದಕ್ಕೆ ಎಳೆದು ನಿಲ್ಲಿಸಿದೆ. ಒಳಗೆ ತೋಟಾ ಇದೆಯೋ ಇಲ್ಲವೋ ನೋಡಲಿಲ್ಲ. ಪೂಜೆಗಿಟ್ಟ ಕೋವಿ, ಖಾಲಿಯೇ ಇರುತ್ತದೆ ಅಂದುಕೊಂಡೆ. ಹಂದಿ ಬರುತ್ತವೆಂದು ಅಣ್ಣ ಹಿಂದಿನ ದಿನ ತುಂಬಿಟ್ಟಿದ್ದನೆಂಬುದು ನನಗೆ ಗೊತ್ತಿರಲಿಲ್ಲ. ತಿಳಿದುಕೊಳ್ಳಲು ಕೋವಿಯನ್ನು ಒಮ್ಮೆ ನಡುವೆ ಮಡಚಿ ನಳಿಗೆಯೊಳಗೆ ನೋಡಿದ್ದರೆ ಸಾಕಿತ್ತು.

ನಾಲ್ಕು ಹೆಜ್ಜೆ ಹಿಂದೆ ಸರಿದು ಫೋನು ಎತ್ತಿದೆ. "ಬೆರಳು ಅಲ್ಲಿಟ್ಕೊ ಪುಟ್ಟಿ. ಹಾಂ, ಅಲ್ಲೇ. ನಗು" ಅಂದೆ.

ನಕ್ಕಳು. ಸದ್ದಾಯಿತು.

ಟ್ರ್ಯಾಕ್ಟರಿನ ದೊಡ್ಡ ಗಾಲಿಯನ್ನು ಬಳಸಿಕೊಂಡು ಅದೇ ಗಳಿಗೆಯಲ್ಲಿ ಈಚೆ ಬಂದ ಅಮ್ಜದಣ್ಣ ಕೂತಂತೆ ಕುಸಿದರು. ಸೀಸದ ಚರೆಗಳೆಲ್ಲ ಅವರ ಬಲ ಮೊಣಕಾಲಿಗೆ ಹೊಕ್ಕಿದ್ದವು. ಮೇಘನಾ ಕೋವಿಯ ಒದೆತಕ್ಕೆ ಹಿಂದಕ್ಕೆ ಬಿದ್ದಿದ್ದಳು. ಅಳಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು.

ಅಣ್ಣ ಓಡಿ ಬಂದ. "ಏನಾಯ್ತ್ಲಾ? ಯಾರ್ಲಾ ಎತ್ತಿದ್ದು?"

"ಮಗು ಯಾವಾಗ ಎತ್ಕೊಂಡ್ಲೋ ಗೊತ್ತಾಗ್ಲಿಲ್ಲ ಕಣಣ್ಣ. ನಾನು ಫೋನ್ ನೋಡ್ತಿದ್ದೆ."

ಇಷ್ಟೇ ನನ್ನ ಸುಳ್ಳು. ಯೋಚಿಸಿ ಹೇಳಿದ್ದಲ್ಲ — ಆದರೆ ಯೋಚಿಸುವುದಕ್ಕೆ ಆಮೇಲೆ ಹದಿನಾರು ವರ್ಷ ಇತ್ತಲ್ಲ. ಅಣ್ಣ ಅಮ್ಜದಣ್ಣನ ಕಾಲಿಗೆ ಪಂಚೆ ಸುತ್ತುತ್ತ, "ಕೊಕ್ಕೆ ಎಳ್ದಂಗೇ ಇಟ್ಬುಟ್ಟಿದ್ನಾ ನಾನು? ಇಳ್ಸಿರ್ಲಿಲ್ವಾ?" ಎಂದು ತನಗೆ ತಾನೇ ಕೇಳಿಕೊಳ್ಳುತ್ತಿದ್ದ. ನಾನು ಉತ್ತರ ಕೊಡಲಿಲ್ಲ. ಹೊರಗೆ ಓಡಿ ಬಂದ ಅತ್ತಿಗೆ ಗಾಬರಿಯಲ್ಲಿ ಮಗುವಿನ ಬೆನ್ನಿಗೆ ಎರಡು ಬಿಟ್ಟರು. ಅದನ್ನೂ ನಿಂತು ನೋಡಿದೆ.

ಮಂಡ್ಯದ ಆಸ್ಪತ್ರೆಗೆ ಹೋಗುವ ಜೀಪಿನಲ್ಲಿ ಮುಂದಿನ ಸೀಟಿನಲ್ಲಿ ಕೂತು ಫೋನು ತೆರೆದೆ. ಫೋಟೋ ಬಂದಿತ್ತು. ಅದರಲ್ಲಿ ಅವಳು ನಗುತ್ತಿದ್ದಳು. ಅಳಿಸಿಬಿಟ್ಟೆ. ಹಿಂದಿನ ಸೀಟಿನಲ್ಲಿ ಅಮ್ಜದಣ್ಣ ಹಲ್ಲು ಕಚ್ಚಿಕೊಂಡು, "ಮಗೀನ ಒಡೀಬ್ಯಾಡಿ ಅನ್ನಿ ಅಮ್ಮಾರ್ಗೆ" ಎನ್ನುತ್ತಿದ್ದರು.

ಪೊಲೀಸರಿಗೂ ಅದೇ ಹೇಳಿಕೆ ಕೊಟ್ಟೆ. ಕೋವಿ ಹೋಯಿತು, ಲೈಸೆನ್ಸು ಹೋಯಿತು, ಅಜಾಗರೂಕತೆಯೆಂದು ಅಣ್ಣನ ಮೇಲೆ ಕೇಸಾಗಿ ಅವನು ಮಳವಳ್ಳಿ ಕೋರ್ಟಿಗೆ ಅಲೆದ. ಅಮ್ಜದಣ್ಣನ ಮೊಣಕಾಲು ಮಡಚುವುದು ನಿಂತಿತು. ಟ್ರ್ಯಾಕ್ಟರಿನ ಕೆಳಗೆ ನುಗ್ಗಲಾಗದೆ ಶೆಡ್ಡನ್ನು ತಮ್ಮನಿಗೆ ಬಿಟ್ಟು, ಪಕ್ಕದಲ್ಲೇ ಬಿಡಿಭಾಗಗಳ ಒಂದು ಅಂಗಡಿ ಇಟ್ಟುಕೊಂಡರು.

ಮೇಘನಾ — ಅವಳ ಬಗ್ಗೆ ಹೇಗೆ ಬರೆಯಲಿ? ಮೊದಮೊದಲು ಅವಳು "ಚಿಕ್ಕಪ್ಪ ಕೊಟ್ಟ" ಎಂದು ಒಂದೆರಡು ಸಲ ಅಂದಿದ್ದಳಂತೆ. "ಸುಳ್ಳೇಳ್ಬ್ಯಾಡ" ಎಂದು ಅತ್ತಿಗೆ ಗದರಿದ ಮೇಲೆ ಅನ್ನುವುದು ಬಿಟ್ಟಳು. ಆಮೇಲೆ ಮರೆತಳು. ಆರು ವರ್ಷದವಳಿಗೆ ದೊಡ್ಡವರು ಹೇಳಿದ್ದೇ ನೆನಪಾಗಿ ಉಳಿಯಿತು. ಅಮ್ಜದಣ್ಣ ಬಂದರೆ ಬಾಗಿಲ ಹಿಂದೆ ಹೋಗಿ ನಿಲ್ಲುತ್ತಿದ್ದಳು. ದೀಪಾವಳಿಯಲ್ಲಿ ಕಿವಿ ಮುಚ್ಚಿ ಹಾಸಿಗೆಯಲ್ಲಿ ಮಲಗುತ್ತಿದ್ದಳು. ಎಂಟನೇ ತರಗತಿಯಲ್ಲಿ ಒಂದು ಪ್ರಬಂಧ ತಿದ್ದಿಸಿಕೊಳ್ಳಲು ನನ್ನ ಹತ್ತಿರ ತಂದಿದ್ದಳು. 'ನಾನು ಮಾಡಿದ ತಪ್ಪು' ಎಂಬುದು ವಿಷಯ. ಓದಿದೆ. ಕಾಗುಣಿತ ತಿದ್ದಿ ವಾಪಸು ಕೊಟ್ಟೆ.

ಹೌದು, ಕಾಗುಣಿತ ತಿದ್ದಿದೆ.

ಕಳೆದ ವರ್ಷ ಅವಳು ಭಾರತೀನಗರದ ಕಾಲೇಜಿನಲ್ಲಿ ಡಿಗ್ರಿ ಮುಗಿಸಿದಳು. ಗೆಳತಿಯರ ಜೊತೆ ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆ ಬರೆದಳು, ಓಟದಲ್ಲಿ ಎಲ್ಲರಿಗಿಂತ ಮುಂದೆ ಬಂದಳು, ಆಯ್ಕೆಯೂ ಆದಳು. ತರಬೇತಿಗೆ ಹಾಜರಾಗುವ ಆದೇಶ ಬಂತು. ಅದರಲ್ಲಿ ಬಂದೂಕಿನ ತರಬೇತಿಯೂ ಇರುತ್ತದೆಂದು ಯಾರೋ ಹೇಳಿದ ದಿನವೇ, ಹೋಗುವುದಿಲ್ಲ ಎಂದು ಕೂತುಬಿಟ್ಟಳು. ಅತ್ತಿಗೆ ನನಗೆ ಫೋನು ಮಾಡಿದರು. "ಒಬ್ರು ಕಾಲು ಕಳ್ದಿದ್ದು ಸಾಕು, ನಾನು ಕೋವಿ ಮುಟ್ಟಕಿಲ್ಲ ಅಂತಾಳೆ ಕಣಪ್ಪ. ನೀನೇ ಒಸಿ ಬುದ್ದಿ ಏಳು. ನಿನ್ ಮಾತಾದ್ರೆ ಕೇಳ್ತಾಳೆ."

ನನ್ನ ಮಾತಾದರೆ ಕೇಳುತ್ತಾಳೆ. ಫೋನು ಇಟ್ಟ ಮೇಲೆ ಎಷ್ಟು ಹೊತ್ತು ಅಲ್ಲೇ ಕೂತಿದ್ದೆನೋ — ನನ್ನ ಹೆಂಡತಿ ಬಂದು, "ಯಾಕೆ, ಏನಾಯ್ತು?" ಎಂದು ಕೇಳಿದಳು. ಮೊದಲು ಹೇಳಿದ್ದು ಅವಳಿಗೆ. ಅವಳು ಬೈಯಲಿಲ್ಲ. "ನಾಳೆ ಹೋಗಿ" ಎಂದಳು, ಅಷ್ಟೇ.

ಮರುದಿನ ಮೇಘನಾ ಕಾಲೇಜಿನಲ್ಲಿ ಅಂಕಪಟ್ಟಿ ತೆಗೆದುಕೊಳ್ಳಬೇಕಿತ್ತು. ನಾನೂ ಭಾರತೀನಗರಕ್ಕೆ ಹೋದೆ. ಕೆಲಸ ಮುಗಿಸಿ ಬಸ್ಸಿಗೆ ಕಾಯುತ್ತ ರಸ್ತೆ ಪಕ್ಕದ ಕಟ್ಟೆಯ ಮೇಲೆ ಕೂತೆವು. ಕಾರ್ಖಾನೆಯ ಕಡೆಗೆ ಕಬ್ಬಿನ ಗಾಡಿಗಳು ಒಂದರ ಹಿಂದೆ ಒಂದು ಸಾಗುತ್ತಿದ್ದವು. ನಾನು ಬುದ್ಧಿ ಹೇಳಲು ಬಂದಿದ್ದೇನೆಂದು ಅವಳಿಗೆ ಗೊತ್ತಿತ್ತು. "ಚಿಕ್ಕಪ್ಪ, ನೀನೂ ಶುರು ಮಾಡ್ಬೇಡ" ಎಂದಳು.

"ಕೋವಿ ನೀನು ಎತ್ಕೊಂಡಿದ್ದಲ್ಲ ಮೇಘನಾ. ನಾನು ಕೊಟ್ಟಿದ್ದು" ಅಂದೆ.

ಅವಳು ತಿರುಗಿ ನೋಡಿದಳು. ಕುರ್ಚಿ, ಫೋಟೋ, ನಾನಾಡಿದ ಮಾತು — ಎಲ್ಲವನ್ನೂ ಹೇಳಿದೆ. ಸಣ್ಣದನ್ನೂ ಬಿಡಲಿಲ್ಲ. ಅವಳು ಒಂದೇ ಪ್ರಶ್ನೆ ಕೇಳಿದಳು: "ಕೊಕ್ಕೆನೂ ನೀನೇ ಎಳ್ದಾ?"

"ನಾನೇ."

"ಅಪ್ಪ ಈಗ್ಲೂ ತಾನೇ ಎಳ್ದಿಟ್ಟಿದ್ದು ಅನ್ಕೊಂಡಿದ್ದಾರೆ."

ಬಸ್ಸು ಬಂತು. "ನೀನು ಇದ್ರಲ್ಲಿ ಬರ್ಬೇಡ" ಎಂದು ಒಬ್ಬಳೇ ಹತ್ತಿ ಹೋದಳು. ನಾನು ಮುಂದಿನ ಬಸ್ಸಿನಲ್ಲಿ ಊರಿಗೆ ಹೋದೆ.

ಅಣ್ಣ ಹೊಲದಲ್ಲಿ ನೀರು ಕಟ್ಟುತ್ತಿದ್ದ. ಬದುವಿನ ಮೇಲೆ ನಿಂತು ಹೇಳಿದೆ. ಅವನು ಗುದ್ದಲಿ ಕೆಳಗಿಟ್ಟ. ಹೊಡೆಯುತ್ತಾನೇನೋ ಅಂದುಕೊಂಡೆ, ಹೊಡೆದಿದ್ದರೆ ಹಗುರವಾಗುತ್ತಿತ್ತೇನೋ. ಬದುವಿನ ಮೇಲೇ ಕುಕ್ಕರಿಸಿದ. "ದಿನಾ ಯೋಚ್ನೆ ಮಾಡಿವ್ನಿ ಕಣ್ಲಾ. ಇಳ್ಸಿದ್ನಾ, ಇಳ್ಸಿರ್ಲಿಲ್ವಾ ಅಂತ. ದಿನಾ. ನೀನು ಉಣ್ಣಕ್ಕೆ ಕೂತಾಗ ನನ್ ಮಗ್ಗುಲಲ್ಲೇ ಕೂರ್ತಿದ್ದಲ್ಲೋ..." ಕೆಸರುಗೈ ಒರೆಸಿಕೊಂಡು, "ತೋಟಾ ಒಳ್ಗೇ ಬುಟ್ಟಿದ್ದು ನಾನೇ. ಅದು ನನ್ ತಪ್ಪು. ಮಿಕ್ಕಿದ್ದು ನಿಂದು" ಎಂದ.

ಅವನ ಲೆಕ್ಕ ಸರಿಯಾಗಿತ್ತು. ನನ್ನ ಪಾಲಿನದನ್ನು ಬರೆದು ಠಾಣೆಗೂ ಕೊಟ್ಟಿದ್ದೇನೆ. ಅದರಿಂದ ಏನು ಬಂದರೂ ಬರಲಿ.

ಅಮ್ಜದಣ್ಣನ ಅಂಗಡಿಗೆ ಅಣ್ಣನೂ ನಾನೂ ಜೊತೆಗೇ ಹೋದೆವು. ಅವರು ಕೌಂಟರಿನ ಹಿಂದೆ ಬಲಗಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದರು. ನಾನು ಹೇಳಿ ಮುಗಿಸುವವರೆಗೆ ಕಣ್ಣು ಎತ್ತಲಿಲ್ಲ. ಆಮೇಲೆ ನಿಧಾನವಾಗಿ ಹೇಳಿದರು. "ಕಾಲು ಬುಡಿ ಮೇಷ್ಟ್ರೆ. ಕಾಲು ಓಯ್ತು, ಅದ್ರ ಪಾಡ್ಗೆ ಅದು. ನಾನು ನಿಮ್ ಮನೆಗ್ ಬರೋದು ಯಾಕ್ ಬುಟ್ಟೆ ಅಂತ ಒಂದಿನ ಕೇಳಿದ್ರಾ ನೀವು? ಆ ಮಗು ನನ್ ನೋಡಿ ಬಾಗ್ಲ್ ಇಂದೆ ಬಚ್ಚಿಟ್ಕೊತಿತ್ತು. ನನ್ನಿಂದ ಅದ್ಕೆ ಯಾಕ್ ಇಂಸೆ ಅಂತ ಬುಟ್ಟೆ. ಅಬ್ಬ ಬುಟ್ಟೆ, ಊಟ ಬುಟ್ಟೆ. ನಿಮ್ಗೆ ಗೊತ್ತಿತ್ತು... ಗೊತ್ತಿದ್ದೂ..."

ಅವರ ದನಿ ಎತ್ತರವಾಗಲಿಲ್ಲ. ಕ್ಷಮಿಸಿ ಎನ್ನುವ ಮಾತು ಬಾಯಿಗೆ ಬಂದು ಹಿಂದೆ ಹೋಯಿತು. ಕೇಳುವ ಹಕ್ಕು ನನಗೆಲ್ಲಿತ್ತು? ಅವರು ಕ್ಷಮಿಸಿದ್ದೇನೆಂದೂ ಹೇಳಲಿಲ್ಲ. ಕೌಂಟರು ಹಿಡಿದು ಎದ್ದು ಅಣ್ಣನ ಕಡೆ ನೋಡಿ, "ನಡೀರಿ ಶಿವರಾಮಣ್ಣ, ಊರಿಗೆ ಓಗಾನ. ಮಗೀನ ನೋಡ್ಬೇಕು ನಾನು" ಎಂದರು.

ಮನೆಯ ಬಾಗಿಲು ತೆಗೆದದ್ದು ಮೇಘನಾನೇ. ಅವರನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದಳು, ಆಮೇಲೆ ಸರಿಯಲಿಲ್ಲ. ಅಮ್ಜದಣ್ಣ ಬಾಗಿಲಲ್ಲೇ ನಿಂತು ಹೇಳಿದರು. "ಕೇಳ್ದೆ ಕಣಮ್ಮ ಎಲ್ಲಾನೂವೆ. ನೀನ್ ಒಡ್ದಿಲ್ಲ ನಂಗೆ. ಯಾವತ್ತೂ ಒಡ್ದಿಲ್ಲ. ಆ ಕೆಲ್ಸ ಬುಡ್ಬ್ಯಾಡ ನೀನು, ಓಗು." ಅವಳು ಅವರ ಎರಡೂ ಕೈ ಹಿಡಿದುಕೊಂಡು ಅತ್ತಳು. ಆರು ವರ್ಷದವಳಾಗಿದ್ದಾಗ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಆವತ್ತು ಅತ್ತಳೇನೋ. ನಾನು ಅಂಗಳದಲ್ಲೇ ನಿಂತಿದ್ದೆ. ಯಾರೂ ನನ್ನನ್ನು ಒಳಗೆ ಕರೆಯಲಿಲ್ಲ, ಕರೆಯಬೇಕಾಗಿಯೂ ಇರಲಿಲ್ಲ.

ಅವಳು ತರಬೇತಿಗೆ ಸೇರಿದಳು.

ಅಂದಿನಿಂದ ನಾನು ಒಂದು ಕೆಲಸ ಹಿಡಿದಿದ್ದೇನೆ. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಕೋವಿ ಇರುವ ಮನೆಗಳಿಗೆ ಭಾನುವಾರ ಹೋಗುತ್ತೇನೆ. ಭಾಷಣ ಮಾಡುವುದಿಲ್ಲ, ನಾನು ಮಾಡಿದ್ದನ್ನು ಹೇಳುತ್ತೇನೆ. ಕೋವಿ ಖಾಲಿಯೆಂದು ಅಂದುಕೊಳ್ಳಬೇಡಿ, ಮಡಚಿ ನೋಡಿ ಎನ್ನುತ್ತೇನೆ. ಕೋವಿಗೊಂದು ಬೀಗ, ತೋಟಾಕ್ಕೆ ಬೇರೆ ಬೀಗ, ಬೀಗದ ಕೈ ದೊಡ್ಡವರ ಸೊಂಟದಲ್ಲಿರಲಿ. ಪೂಜೆಗಿಟ್ಟಾಗಲೂ ದೊಡ್ಡವರೊಬ್ಬರು ಅದರ ಪಕ್ಕ ಬಿಟ್ಟು ಕದಲದಿರಲಿ. ಫೋಟೋಗೆಂದು ಮಕ್ಕಳ ಕೈಗೆ ಕೊಡಲೇಬೇಡಿ. ಕೆಲವರು ನಗುತ್ತಾರೆ. ಹಲಗೂರಿನ ಹತ್ತಿರದ ಒಂದು ಮನೆಯಲ್ಲಿ ಹೆಂಗಸೊಬ್ಬರು ನನ್ನ ಮಾತು ಮುಗಿಯುವ ಮೊದಲೇ ಎದ್ದು ಹೋಗಿ, ಬಾಗಿಲ ಮೂಲೆಯಲ್ಲಿ ಒರಗಿಸಿದ್ದ ಕೋವಿಯನ್ನು ಗಂಡನ ಮುಂದೆ ತಂದಿಟ್ಟು, "ತೆಗ್ದು ನೋಡಿ ಮೊದ್ಲು" ಎಂದರು. ಗಂಡ ತೆಗೆದು ನೋಡಿದ. ಒಳಗೆ ತೋಟಾ ಇತ್ತು.

ಮೇಘನಾ ಎರಡು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ನಾನೂ ಕಾಡಲಿಲ್ಲ. ಹೋದ ವಾರ, ಶಾಲೆಯ ಊಟದ ಬಿಡುವಿನಲ್ಲಿ, ಅವಳೇ ಫೋನು ಮಾಡಿದಳು. ಹೇಗಿದ್ದೀ ಎಂದು ಕೇಳಲಿಲ್ಲ.

"ಇವತ್ತು ಫೈರಿಂಗ್ ಇತ್ತು ಚಿಕ್ಕಪ್ಪ. ಹೇಳಿಕೊಡೋ ಮೇಡಂಗೆ ಹತ್ರ ಬಂದ್ ನಿಂತ್ಕೊಳಿ ಅಂದೆ. ಬಂದು ನಿಂತ್ಕೊಂಡ್ರು. ಐದು ಗುಂಡೂ ಮುಗ್ಯೋವರ್ಗೂ ನನ್ ಪಕ್ಕ ಬಿಟ್ಟು ಹೋಗ್ಲಿಲ್ಲ."

ಅವಳೇ, "ಇಡ್ತೀನಿ, ಸೀಟಿ ಊದಿದ್ರು" ಎಂದಳು.

ಅವಳು ನನ್ನನ್ನು ಕ್ಷಮಿಸಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಅದು ನಾನು ಕೇಳುವಂಥದ್ದಲ್ಲ. ನಾನು ನಾಲ್ಕು ಹೆಜ್ಜೆ ಹಿಂದೆ ಸರಿದ ಜಾಗದಲ್ಲಿ ಹದಿನಾರು ವರ್ಷದ ಮೇಲೆ ಒಬ್ಬರು ಬಂದು ನಿಂತರು. ಅವರ ಹೆಸರೂ ನನಗೆ ಗೊತ್ತಿಲ್ಲ. ಬರುವ ಭಾನುವಾರ ಬ್ಲಫ್ ಎಂಬ ಊರಿನ ಕಡೆಯ ಮೂರು ಮನೆಗಳಿಗೆ ಹೋಗಬೇಕು.