ರೆಕಾರ್ಡರಿನೊಳಗೆ ಅಕ್ಕ

ಆ ಸೂಚನೆ ಮೊದಲ ಸಲ ಬಂದದ್ದು ಒಂದು ಸಂಜೆ, ಅಕ್ಕನ ಸೀರಿಯಲ್ ನಡುವೆ. ಹೊಸ ಸಾಫ್ಟ್‌ವೇರ್ ಬಂದಿದೆ, ಓಕೆ ಒತ್ತಿ, ಮುಗಿಯುವ ತನಕ ಕರೆಂಟ್ ತೆಗೆಯಬೇಡಿ ಎಂದು ಇಂಗ್ಲಿಷಿನಲ್ಲಿ. ನಾನು ‘ಲೇಟರ್’ ಒತ್ತಿದೆ. ಮಾರನೆಯ ಸಂಜೆಯೂ ಬಂತು. ಮತ್ತೆ ಲೇಟರ್.

ಎರಡು ಸಾವಿರದ ಮೊದಲ ದಶಕ ಮುಗಿಯುತ್ತಿದ್ದ ಕಾಲ. ಮೈಸೂರಿನ ಸಿದ್ಧಾರ್ಥನಗರದ ಮನೆಯಲ್ಲಿ ನಾನು, ಅಕ್ಕ ಇದ್ದೆವು. ಟಿವಿಯ ಕೆಳಗೆ ಕೂತಿದ್ದ ಡಿಶ್ಶಿನ ಕಪ್ಪು ಡಬ್ಬಿ ಬೇಕಾದ ಪ್ರೋಗ್ರಾಂ ರೆಕಾರ್ಡ್ ಮಾಡಿಟ್ಟುಕೊಳ್ಳುತ್ತಿತ್ತು. ಅದರೊಳಗೆ ಅಕ್ಕನ ದನಿ ಇತ್ತು.

ಹಿಂದಿನ ವರ್ಷ ಅಕ್ಕ ಒಂದು ಅಡುಗೆ ಕಾರ್ಯಕ್ರಮಕ್ಕೆ ಫೋನ್ ಮಾಡಿದ್ದಳು, ಒಬ್ಬಟ್ಟಿನ ಕಣಕ ಯಾಕೆ ಹರಿಯುತ್ತದೆ ಎಂದು ಕೇಳಲು. ಲೈವ್. ನಾನು ರಿಮೋಟ್ ಹಿಡಿದು ರೆಕಾರ್ಡಿಗೆ ಹಾಕಿದ್ದೆ. ಲೈನ್ ಸಿಕ್ಕ ಕೂಡಲೇ ನಿರೂಪಕಿ, “ಅಮ್ಮಾ, ನಿಮ್ಮ ಟಿವಿ ವಾಲ್ಯೂಮ್ ಸ್ವಲ್ಪ ಕಡಿಮೆ ಮಾಡ್ಕೊಳ್ಳಿ” ಅಂದಳು.

“ಕಡಿಮೆ ಮಾಡ್ಬುಟ್ರೆ ನಮ್ಮ ಡಬ್ಬೀಲಿ ರೆಕಾರ್ಡ್ ಆಗಲ್ವಲ್ಲ ಕಣಮ್ಮ” ಅಂದಳು ಅಕ್ಕ.

ನಾನೂ ಹಾಗೇ ನಂಬಿದ್ದೆ, ಕಾನ್ವೆಂಟಿನಲ್ಲಿ ಸೈನ್ಸ್ ಪ್ರೈಜ್ ತೆಗೆದುಕೊಂಡವಳು. ವಾಲ್ಯೂಮ್ ಇಳಿಸಲೇ ಇಲ್ಲ. ಹಾಗಾಗಿ ಅದರಲ್ಲಿ ಅಕ್ಕನ ಒಂದೊಂದು ಮಾತೂ ಪ್ರತಿಧ್ವನಿಯ ಜೊತೆ ಎರಡೆರಡು ಸಲ ಕೇಳುತ್ತದೆ.

ಸಂಕ್ರಾಂತಿ ಕಳೆದ ಮೇಲೆ ಅವಳ ಗಂಟಲಲ್ಲಿ ಗಡ್ಡೆ ಎಂದರು. ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಅಲ್ಲಿಂದ ಅಕ್ಕ ನನ್ನನ್ನು ಕರೆಯಬೇಕಾದರೆ ಸ್ಟೀಲ್ ಲೋಟಕ್ಕೆ ಚಮಚದಿಂದ ಬಡಿಯುತ್ತಿದ್ದಳು. ಸಿಟ್ಟು ಬಂದರೆ ಬಡಿತ ಜೋರು.

ಅವಳು ಸ್ನಾನಕ್ಕೆ ಹೋದಾಗ ನಾನು ಸಣ್ಣಗೆ ಆ ರೆಕಾರ್ಡಿಂಗ್ ಹಾಕಿಕೊಳ್ಳುತ್ತಿದ್ದೆ. ಅದಿನ್ನೂ ಇದೆ ಎಂದು ಅವಳಿಗೆ ಹೇಳಿರಲಿಲ್ಲ. ಕೇಳಿದರೆ ನೊಂದುಕೊಳ್ಳುತ್ತಾಳೆ ಎಂಬ ಭಯ. ಹಳೆಯ ಟೇಪ್ ರೆಕಾರ್ಡರನ್ನು ಟಿವಿಗೆ ಹಿಡಿದೂ ನೋಡಿದ್ದೆ. ಬಂದದ್ದೆಲ್ಲ ಫ್ಯಾನಿನ ಸದ್ದು.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಹೊಸ ಸಾಫ್ಟ್‌ವೇರ್ ಹಾಕಿಕೊಂಡರೆ ಹಳೆಯ ರೆಕಾರ್ಡಿಂಗ್ ಸಾಧಾರಣವಾಗಿ ಹೋಗುವುದಿಲ್ಲವಂತೆ, ಆದರೆ ಗ್ಯಾರಂಟಿ ಇಲ್ಲವಂತೆ. ಅರ್ಧದಲ್ಲಿ ಕರೆಂಟ್ ಹೋದರೆ ಡಬ್ಬಿಯೇ ಸತ್ತಂತೆ. ಸುಮ್ಮನಿದ್ದರೂ ಆಗದು, ಸ್ವಲ್ಪ ದಿನದಲ್ಲಿ ಅದು ತಾನಾಗಿಯೇ ಶುರು ಮಾಡಿಕೊಳ್ಳುತ್ತದೆ. ಲೋಡ್ ಶೆಡ್ಡಿಂಗ್ ಹೊತ್ತಿನಲ್ಲಿ ಶುರುವಾದರೆ?

ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. “ಡೋಂಟ್ ಫಿಜೆಟ್, ಚೈಲ್ಡ್” ಎಂದು ಕಾನ್ವೆಂಟಿನ ಸಿಸ್ಟರ್‌ಗಳು ಗದರುತ್ತಿದ್ದದ್ದು ಆ ವಯಸ್ಸಿನಲ್ಲೂ ನೆನಪಾಯಿತು. ಕೊನೆಗೆ ಒಂದು ಉಪಾಯ ಹೊಳೆಯಿತು. ದಸರೆ ಬಂದಿತ್ತು. ದಸರೆಯಲ್ಲಿ ಮೈಸೂರಿಗೆ ಕರೆಂಟ್ ತೆಗೆಯುವುದಿಲ್ಲ. ಆಯುಧಪೂಜೆಯ ಬೆಳಿಗ್ಗೆ ಓಕೆ ಒತ್ತಿದೆ.

ಪರದೆಯ ಮೇಲೆ ನೀಲಿ ಪಟ್ಟಿ ಇರುವೆಯ ಹಾಗೆ ತೆವಳತೊಡಗಿತು. ಅರ್ಧ ದಾಟಿತ್ತು. ಅಕ್ಕ ಆರತಿ ತಟ್ಟೆ ಹಿಡಿದು ಅಡುಗೆಮನೆಯಿಂದ ಬಂದಳು. ಈಳಿಗೆಮಣೆ, ಕತ್ತರಿ, ಮಿಕ್ಸಿಗೆಲ್ಲ ಆಗಲೇ ಸೇವಂತಿಗೆ ಏರಿತ್ತು. ಅವಳು ನೆಟ್ಟಗೆ ಹೋದದ್ದು ಬಾಗಿಲ ಪಕ್ಕದ ಮೇನ್ ಸ್ವಿಚ್ಚಿನ ಕಡೆಗೆ.

ಅದನ್ನು ಮರೆತೇಬಿಟ್ಟಿದ್ದೆ. ಬನ್ನಿಮಂಟಪದ ಹತ್ತಿರ ಅಪ್ಪನ ಎಣ್ಣೆ ಗಿರಣಿಯಿತ್ತು. ಆಯುಧಪೂಜೆಯ ದಿನ ಅಲ್ಲಿ ಮೋಟರ್ ತಿರುಗುವ ಹಾಗಿಲ್ಲ. ಯಂತ್ರ ನಿಂತ ಮೇಲೇ ಅದಕ್ಕೆ ವಿಭೂತಿ. ಗಿರಣಿ ಹೋದ ಮೇಲೂ ಅಕ್ಕ ಪ್ರತಿ ವರ್ಷ ಇಡೀ ಮನೆಯ ಕರೆಂಟ್ ಇಳಿಸಿಯೇ ಪೂಜೆ ಮಾಡುತ್ತಿದ್ದಳು.

ಬೇಡ ಎಂದೆ. ಅವಳು ಗಡಿಯಾರ ತೋರಿಸಿದಳು: ರಾಹುಕಾಲ ಬರುತ್ತದೆ. ಕೈ ಸ್ವಿಚ್ಚಿನ ಮೇಲಿತ್ತು.

“ಅಕ್ಕ, ಅದ್ರೊಳಗೆ ನೀನಿದ್ದೀಯ ಕಣೇ. ಒಬ್ಬಟ್ಟಿನ ಫೋನು. ಆಫ್ ಮಾಡಿದ್ರೆ ಹೋಗ್ಬುಡತ್ತೆ.”

ಅವಳು ನನ್ನನ್ನೇ ನೋಡಿದಳು. ಆಮೇಲೆ ಕೈ ತೆಗೆದು, ಬಂದು, ಡಬ್ಬಿಯ ಮುಂದೆ ನೆಲದ ಮೇಲೆ ಕೂತಳು. ಮೂರು ಬೆರಳಲ್ಲಿ ವಿಭೂತಿ ತೆಗೆದು, ಪುಟ್ಟ ದೀಪ ಮಿಣುಕುತ್ತಿದ್ದ ಆ ಡಬ್ಬಿಗೆ ಎಳೆದಳು. ಓಡುತ್ತಿರುವ ಯಂತ್ರಕ್ಕೆ ನಮ್ಮ ಮನೆಯಲ್ಲಿ ಪೂಜೆಯಾದದ್ದು ಅದೇ ಮೊದಲು. ಇಬ್ಬರೂ ಪಟ್ಟಿ ನೋಡುತ್ತ ಕೂತೆವು. ರಾಹುಕಾಲ ಬಂತು. ಅವಳು ಏಳಲಿಲ್ಲ.

ಪಟ್ಟಿ ತುಂಬಿತು. ಪರದೆ ಕಪ್ಪಾಯಿತು. ಮತ್ತೆ ಬೆಳಕು ಬಂದಾಗ ರೆಕಾರ್ಡಿಂಗ್ ಜಾಗ ಖಾಲಿ. ರಿಮೋಟ್ ಸುಮ್ಮನೆ ಒತ್ತುತ್ತಲೇ ಇದ್ದೆ. ಸ್ವಲ್ಪ ಹೊತ್ತಿಗೆ ಒಂದೊಂದೇ ಹೆಸರು ಮೂಡತೊಡಗಿತು; ಕಟ್ಟಕಡೆಯಲ್ಲಿ ಅಡುಗೆ ಕಾರ್ಯಕ್ರಮ.

ಹಾಕಲಾ ಎಂದು ಅಕ್ಕನನ್ನು ಕೇಳಿದೆ. ಹೂಂ ಎಂಬಂತೆ ತಲೆಯಾಡಿಸಿದಳು.

ಹಲೋ, ಹಲೋ ಎಂದು ಎರಡು ಸಲ ಅಕ್ಕ ಬಂದಳು. ಪಕ್ಕದಲ್ಲಿದ್ದ ಅಕ್ಕ ಕುತ್ತಿಗೆಗೆ ಸುತ್ತಿದ್ದ ಬಟ್ಟೆಯನ್ನು ಮುಟ್ಟಿಕೊಂಡಳು. ನಿರೂಪಕಿ ಟಿವಿ ವಾಲ್ಯೂಮ್ ಕಡಿಮೆ ಮಾಡಿಕೊಳ್ಳಿ ಅಂದಾಗ ಅವಳ ಭುಜ ಕುಲುಕಿತು. ನಗುತ್ತಿದ್ದಳು, ಸದ್ದಿಲ್ಲದೆ. ನನ್ನ ಕೈಯಿಂದ ರಿಮೋಟ್ ತೆಗೆದುಕೊಂಡು, ಹೇಳಿದ ಮಾತು ಕೇಳುವ ಮಗುವಿನ ಹಾಗೆ, ವಾಲ್ಯೂಮ್ ಇಳಿಸಿದಳು. ಕಣಕದ ಪ್ರಶ್ನೆ ಕೇಳಿಸಲೇ ಇಲ್ಲ, ಅಷ್ಟು ಇಳಿಸಿದಳು.

ಜಾಸ್ತಿ ಮಾಡು ಎಂದು ನಾನೂ ಹೇಳಲಿಲ್ಲ.